ಸರ್ಕಾರದ ಚಿತ್ರ, ಪ್ರಯೋಗದ ಚಿತ್ರ ಮತ್ತು ನಾನು ನಿಲ್ಲಿಸಿದ ಒಂದು ರೀಲು



ಕಳೆದ ತಿಂಗಳು ನಮ್ಮ ಮನೆಗೆ ಬಂದಿದ್ದ ಹಳೆಯ ಸಹೋದ್ಯೋಗಿಯೊಬ್ಬರು ಕಾಫಿ ಲೋಟವನ್ನು ಕೆಳಗಿಡುತ್ತ ಒಂದು ತೀರ್ಪು ಕೊಟ್ಟರು. ಸರ್ಕಾರದ ದುಡ್ಡಿನಲ್ಲಿ ತೆಗೆದ ಸಿನಿಮಾ ಎಂದಿಗೂ ಪ್ರಚಾರವೇ, ಅದರಲ್ಲಿ ಕಲೆಯನ್ನು ಹುಡುಕುವುದು ಜಾಲಿಮರದಲ್ಲಿ ಮಾವಿನಹಣ್ಣು ಹುಡುಕಿದ ಹಾಗೆ ಎಂದರು. ಅವರು ಗಣಿತದ ಮೇಷ್ಟರು. ಉತ್ತರ ಬರೆದು ಕೆಳಗೆ ಎರಡು ಗೆರೆ ಎಳೆದರೆ ಅವರ ಮಟ್ಟಿಗೆ ಲೆಕ್ಕ ಮುಗಿಯಿತು. ನಾನು ಆಗ ವಾದಕ್ಕೆ ಇಳಿಯಲಿಲ್ಲ. ನಾನೂ ಬಹುಕಾಲ ಅದನ್ನೇ ನಂಬಿದ್ದವನು, ಆ ನಂಬಿಕೆಯಿಂದಲೇ ಒಮ್ಮೆ ಒಂದು ತಪ್ಪನ್ನೂ ಮಾಡಿದವನು. ಆ ತಪ್ಪಿಗೆ ಸಾಕ್ಷಿಯಾಗಿ ಮೈದಾನದಲ್ಲಿ ಕುಳಿತಿದ್ದವರಲ್ಲಿ ಕೆಲವರು ಇದನ್ನು ಓದುತ್ತಿರಬಹುದು.

ನನ್ನ ಬಾಲ್ಯ ಅರಸೀಕೆರೆಯಲ್ಲಿ ಕಳೆಯಿತು. ಟೂರಿಂಗ್ ಟಾಕೀಸಿನ ನೆಲದ ಮೇಲೆ ಕುಳಿತು ರಾಜ್‌ಕುಮಾರರ ಚಿತ್ರ ನೋಡುವ ಮೊದಲು ಕಡ್ಡಾಯವಾಗಿ ನುಂಗಬೇಕಾಗಿದ್ದ ಕಷಾಯವೆಂದರೆ ‘ನ್ಯೂಸ್ ರೀಲ್’. ಮುಂಬಯಿಯ ಫಿಲ್ಮ್ಸ್ ಡಿವಿಷನ್ 1948ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸಂಸ್ಥೆ. ಅದರ ವಾರ್ತಾಚಿತ್ರ ಅಥವಾ ಸಾಕ್ಷ್ಯಚಿತ್ರವನ್ನು ಮುಖ್ಯಚಿತ್ರಕ್ಕೆ ಮುನ್ನ ತೋರಿಸಲೇಬೇಕೆಂಬುದು ಚಿತ್ರಮಂದಿರಗಳ ಪರವಾನಗಿಯ ಷರತ್ತಾಗಿತ್ತು. ಅದಕ್ಕೆ ಬಾಡಿಗೆಯನ್ನೂ ಮಾಲೀಕರೇ ಕಟ್ಟಬೇಕಿತ್ತು. ಅಣೆಕಟ್ಟು, ಪಂಚವಾರ್ಷಿಕ ಯೋಜನೆ, ಪ್ರವಾಹ, ಪ್ರಧಾನಿಯವರು ರಿಬ್ಬನ್ ಕತ್ತರಿಸುವುದು, ಇವುಗಳ ಮೇಲೆ ಹರಿದು ಬರುವ ಒಂದು ಗಂಭೀರವಾದ ಧ್ವನಿ. ನಮ್ಮ ಹಿರಿಯರು ಆ ಹೊತ್ತನ್ನು ಬೀಡಿ ಸೇದುವುದಕ್ಕೆ, ಸೋಡಾ ಕುಡಿಯುವುದಕ್ಕೆ ಮೀಸಲಿಟ್ಟಿದ್ದರು. ‘ಇನ್ನೂ ಇಂಡಿಯನ್ ನ್ಯೂಸು ನಡೀತಾ ಐತೆ, ನಿಧಾನಕ್ಕೆ ಬಾ’ ಎಂದು ಡೇರೆಯ ಹೊರಗಿನಿಂದ ಕೂಗುತ್ತಿದ್ದುದು ಈಗಲೂ ಕಿವಿಯಲ್ಲಿದೆ. ಸರ್ಕಾರದ ಚಿತ್ರವೆಂದರೆ ತಡವಾಗಿ ಬರುವುದಕ್ಕೆ ಒದಗಿದ ಅನುಕೂಲ ಎಂಬ ತಿಳಿವಳಿಕೆಯೊಂದಿಗೆ ನಾನು ಬೆಳೆದು, ಬಿ.ಎ. ಮುಗಿಸಿ, ಬಿ.ಎಡ್. ಮಾಡಿ ಇತಿಹಾಸದ ಮೇಷ್ಟರಾದೆ.

ಘಟನೆ ನಡೆದದ್ದು 1986ರಲ್ಲಿ. ಜಾವಗಲ್ ದಾಟಿ ಹಳೇಬೀಡಿನ ಕಡೆಗೆ ಹೋಗುವ ರಸ್ತೆಯ ಒಂದು ಊರಿನ ಪ್ರೌಢಶಾಲೆಯಲ್ಲಿ ನಾನು ಎರಡು ವರ್ಷದ ಅನುಭವವಿದ್ದ ಸಹಶಿಕ್ಷಕ. ಸುಗ್ಗಿ ಮುಗಿದ ಮೇಲೆ ಪ್ರಚಾರದ ವ್ಯಾನು ಊರಿಗೆ ಬಂತು. ಶಾಲೆಯ ಮೈದಾನದಲ್ಲಿ ಎರಡು ಗಳುಗಳ ನಡುವೆ ಬಿಳಿಯ ಬಟ್ಟೆ ಕಟ್ಟಿ, 16 ಮಿ.ಮೀ. ಪ್ರೊಜೆಕ್ಟರನ್ನು ನಮ್ಮ ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟು, ಕತ್ತಲಾಗುವುದನ್ನೇ ಕಾದೆವು. ಮುಖ್ಯೋಪಾಧ್ಯಾಯರು ಕಾರ್ಯಕ್ರಮದ ಹೊಣೆಯನ್ನು ನನ್ನ ಹೆಗಲಿಗೆ ಹಾಕಿ ತಾವು ಮುಂದಿನ ಸಾಲಿನ ಕುರ್ಚಿಯಲ್ಲಿ ಊರ ಹಿರಿಯರೊಡನೆ ಕುಳಿತರು. ಕುಟುಂಬ ಯೋಜನೆಯ ಚಿತ್ರ ಆಯಿತು, ಸಣ್ಣ ಉಳಿತಾಯದ ಚಿತ್ರ ಆಯಿತು. ನಂತರ ಆಪರೇಟರ್ ಮಹಾಶಯರು ಇನ್ನೊಂದು ಡಬ್ಬಿಯನ್ನು ತೆರೆದರು.

ಅದರಲ್ಲಿ ವಿವರಣೆಯ ಧ್ವನಿಯೇ ಇರಲಿಲ್ಲ. ಕುಣಿಯುವ ಹುಡುಗ ಹುಡುಗಿಯರು, ಪ್ರಯೋಗಶಾಲೆಯ ಉಪಕರಣಗಳು, ಪೂಜೆಯ ದೃಶ್ಯಗಳು, ತೀರ ಹತ್ತಿರದಿಂದ ಹಿಡಿದ ಮುಖಗಳು ಒಂದರ ಮೇಲೊಂದು ರೆಪ್ಪೆ ಹೊಡೆಯುವಷ್ಟರಲ್ಲಿ ಬದಲಾಗುತ್ತಿದ್ದವು. ತಮಟೆ ಬಡಿತದ ಹಾಗೆ ಸದ್ದು. ಮೈದಾನದಲ್ಲಿ ಮೊದಲು ಮೌನ, ಆಮೇಲೆ ನಗು, ಆಮೇಲೆ ಹಿಂದಿನಿಂದ ಸೀಟಿ. ಹೆಣ್ಣುಮಕ್ಕಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಒಬ್ಬ ಹಿರಿಯರು ತಿರುಗಿ ನನ್ನನ್ನು ನೋಡಿ, ‘ಏನ್ ಮೇಷ್ಟ್ರೇ ಇದು, ಮಕ್ಳಿಗೆ ತೋರ್ಸೋದಾ?’ ಎಂದರು. ನಾನು ಓಡಿಹೋಗಿ ಆಪರೇಟರಿಗೆ ನಿಲ್ಲಿಸಲು ಹೇಳಿದೆ. ‘ಇದೂ ಸರ್ಕಾರದ್ದೇ ಸಾರ್, ಇನ್ನು ಮೂರು ನಿಮಿಷ ಅಷ್ಟೇ’ ಎಂದು ಆತ ಗೊಣಗಿದರೂ ಯಂತ್ರವನ್ನು ನಿಲ್ಲಿಸಿದ. ನಾನು ಮೈಕು ಹಿಡಿದು, ಏನೋ ಡಬ್ಬಿ ಅದಲುಬದಲಾಗಿದೆ, ಕ್ಷಮಿಸಬೇಕು ಎಂದು ಸುಳ್ಳು ಹೇಳಿದೆ. ಚಪ್ಪಾಳೆ ಬಿತ್ತು.

ಮರುದಿನ ಹತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, ‘ಸಾ, ಆ ಪಿಚ್ಚರ್ ಯಾಕ್ ನಿಲ್ಲುಸ್ಬುಟ್ರಿ? ಮುಂದುಕ್ಕೆ ಏನಾಯ್ತಿತ್ತು?’ ಎಂದು ಕೇಳಿದ. ಪಾಠದಲ್ಲಿ ಎಂದೂ ಬಾಯಿ ಬಿಡದ ಹುಡುಗ. ಅರ್ಥವಿಲ್ಲದ್ದನ್ನು ನೋಡಿ ಏನಾಗಬೇಕು, ಕೂತ್ಕೋ ಎಂದೆ. ಅವನು ಕುಳಿತ. ಆ ವರ್ಷವಿಡೀ ಮತ್ತೆ ಏನನ್ನೂ ಕೇಳಲಿಲ್ಲ.

ಈ ವಿಷಯ ನಿವೃತ್ತನಾಗುವವರೆಗೂ ನನ್ನ ಮನಸ್ಸಿಗೆ ಬಂದದ್ದಿಲ್ಲ. ಲಾಕ್‌ಡೌನಿನ ದಿನಗಳಲ್ಲಿ ಮಗಳು ಫೋನಿಗೆ ಕಳುಹಿಸಿದ ಹಲವು ಕೊಂಡಿಗಳಲ್ಲಿ ಫಿಲ್ಮ್ಸ್ ಡಿವಿಷನ್ನೇ ಯೂಟ್ಯೂಬಿಗೆ ಏರಿಸಿದ ಹಳೆಯ ಚಿತ್ರಗಳಿದ್ದವು. ಒಂದನ್ನು ಒತ್ತಿದೆ. ಅದೇ ಕುಣಿತ, ಅದೇ ಮುಖಗಳು, ಅದೇ ಬಡಿತ. ಹೆಸರು ‘ಎಕ್ಸ್‌ಪ್ಲೋರರ್’, ತಯಾರಾದ ವರ್ಷ 1968, ನಿರ್ದೇಶಕರು ಪ್ರಮೋದ್ ಪತಿ, ಒಡಿಶಾದವರು. ಇಡೀ ಚಿತ್ರ ಸುಮಾರು ಏಳು ನಿಮಿಷ. ಭಾರತದ ಪ್ರಯೋಗಶೀಲ ಸಿನಿಮಾದ ಚರಿತ್ರೆ ಬರೆಯುವವರು ಇಂದು ಇದನ್ನು ಬಿಟ್ಟು ಬರೆಯುವುದಿಲ್ಲವಂತೆ. ನಾನು ಅದನ್ನು ಅರ್ಧದಲ್ಲಿ ನಿಲ್ಲಿಸಿ ಕ್ಷಮೆ ಕೇಳಿ ಚಪ್ಪಾಳೆ ಗಿಟ್ಟಿಸಿದ್ದೆ!

ಅಂದಿನಿಂದ ನನಗೆ ಇದೊಂದು ಗೀಳಾಯಿತು. ಸಿಕ್ಕಿದ್ದನ್ನೆಲ್ಲ ನೋಡಿದೆ, ಓದಿದೆ. ರಿಬ್ಬನ್ ಕತ್ತರಿಸುವ ಚಿತ್ರಗಳನ್ನು ತಯಾರಿಸುತ್ತಿದ್ದ ಅದೇ ಕಚೇರಿಯಿಂದ 1965ರ ನಂತರದ ಕೆಲವು ವರ್ಷಗಳಲ್ಲಿ ಬೇರೆಯೇ ಬಗೆಯ ಚಿತ್ರಗಳು ಹೊರಬಂದಿವೆ. ಎಸ್.ಎನ್.ಎಸ್. ಶಾಸ್ತ್ರಿಯವರ ‘ಐ ಆಮ್ 20’ (1967) ಸ್ವಾತಂತ್ರ್ಯ ಬಂದ ವರ್ಷ ಹುಟ್ಟಿದ ಯುವಕ ಯುವತಿಯರನ್ನು ಹುಡುಕಿ ಮಾತನಾಡಿಸುತ್ತದೆ. ದೇಶದ ಬಗ್ಗೆ ಕನಸುಳ್ಳವರು, ಬೇಸರಗೊಂಡವರು, ಏನೂ ಅನ್ನಿಸದವರು ಎಲ್ಲರೂ ಅದರಲ್ಲಿದ್ದಾರೆ. ಬೇಸರದ ಮಾತನ್ನು ಸರ್ಕಾರಿ ಚಿತ್ರವೇ ಕತ್ತರಿಸದೆ ಇಟ್ಟುಕೊಂಡಿದೆ. ಸುಖದೇವ್ ಅವರ ‘ಇಂಡಿಯಾ 67’ ದೇಶವಿಡೀ ತಿರುಗುತ್ತದೆ, ಒಂದು ವಾಕ್ಯದ ವಿವರಣೆಯೂ ಇಲ್ಲ. ಎಂ.ಎಫ್. ಹುಸೇನರಿಗೆ ಕ್ಯಾಮರಾ ಕೊಟ್ಟು ರಾಜಸ್ಥಾನಕ್ಕೆ ಕಳುಹಿಸಿದರು. ಕಥೆಯಿಲ್ಲದ ಆ ಚಿತ್ರಕ್ಕೆ 1967ರಲ್ಲಿ ಬರ್ಲಿನ್ ಚಿತ್ರೋತ್ಸವದ ಬಹುಮಾನ ಬಂತು. ಪತಿಯವರೇ 1972ರಲ್ಲಿ ತೆಗೆದ ‘ಆಬಿದ್’ನಲ್ಲಿ ಚಿತ್ರಕಾರ ಆಬಿದ್ ಸುರತಿ ಒಂದು ಖಾಲಿ ಕೋಣೆಯ ಗೋಡೆ ನೆಲಗಳಿಗೆಲ್ಲ ಬಣ್ಣ ತುಂಬುತ್ತ ಗೊಂಬೆಯಂತೆ ತಾವೇ ಜಿಗಿಜಿಗಿದು ಚಲಿಸುತ್ತಾರೆ. ಇವೆಲ್ಲ ನಮ್ಮ ತೆರಿಗೆಯ ಹಣದಲ್ಲಿ ಆದ ಕೆಲಸ. ನಾವು ಬೀಡಿ ಸೇದಲು ಹೊರಗೆ ಹೋಗಿದ್ದೆವು.

ಇದು ಹೇಗಾಯಿತು ಎಂದು ಕೇಳಿದರೆ ದೊರೆಯುವ ಉತ್ತರದಲ್ಲಿ ಒಬ್ಬ ವ್ಯಕ್ತಿ ಇದ್ದಾನೆ. ಜಾನ್ ಭಾವನಗರಿ ಎಂಬ ಅಧಿಕಾರಿ. ಪ್ಯಾರಿಸಿನ ಯುನೆಸ್ಕೋದಲ್ಲಿದ್ದವರನ್ನು ಆಗ ವಾರ್ತಾ ಮತ್ತು ಪ್ರಸಾರ ಸಚಿವೆಯಾಗಿದ್ದ ಇಂದಿರಾ ಗಾಂಧಿಯವರು ಮತ್ತೆ ಕರೆಸಿಕೊಂಡರು. ಭಾವನಗರಿಯವರು ಎರಡು ಮೂರು ವರ್ಷ ಮಾತ್ರ ಇದ್ದರು. ಇದ್ದಷ್ಟು ಕಾಲ ತರುಣ ನಿರ್ದೇಶಕರಿಗೆ ನಿಮಗೆ ತೋಚಿದ್ದನ್ನು ಮಾಡಿ ಎಂದು ಬಿಟ್ಟು, ಮೇಲಿನವರ ಆಕ್ಷೇಪಣೆಗಳಿಗೆ ತಾವು ಉತ್ತರ ಹೇಳುವ ಹೊಣೆ ಹೊತ್ತರು. ಹಣ ಯಾರದೆಂಬುದು ಮುಖ್ಯವೇ. ಆದರೆ ಹಣ ಕೊಡುವವನಿಗೂ ಕೆಲಸ ಮಾಡುವವನಿಗೂ ನಡುವೆ ಕುರ್ಚಿ ಹಾಕಿ ಕುಳಿತವನು ಎಂಥವನು ಎಂಬುದರ ಮೇಲೆ ಎಲ್ಲವೂ ನಿಂತಿದೆ ಎಂಬುದು ನಾನು ಈಗ ತಲುಪಿರುವ ಅಭಿಪ್ರಾಯ. ಗಣಿತದ ಗೆಳೆಯರು ಈ ನಡುವಿನವನನ್ನು ತಮ್ಮ ಲೆಕ್ಕದಲ್ಲಿ ಹಿಡಿದೇ ಇಲ್ಲ.

ಬೇರೆ ದೇಶಗಳಲ್ಲೂ ಇದೇ ಕಥೆ. ಇಂಗ್ಲೆಂಡಿನಲ್ಲಿ 1930ರ ದಶಕದಲ್ಲಿ ಅಂಚೆ ಇಲಾಖೆಗೇ ಒಂದು ಚಲನಚಿತ್ರ ಘಟಕವಿತ್ತು, ಜಾನ್ ಗ್ರಿಯರ್ಸನ್ ಅದರ ಮುಖ್ಯಸ್ಥರು. ಲೆನ್ ಲೈ ಎಂಬ ಕಲಾವಿದ ಕ್ಯಾಮರಾವನ್ನೇ ಬಳಸದೆ ಫಿಲ್ಮಿನ ಪಟ್ಟಿಯ ಮೇಲೆ ನೇರವಾಗಿ ಬಣ್ಣ ಬಳಿದು ‘ಎ ಕಲರ್ ಬಾಕ್ಸ್’ (1935) ಎಂಬ ಚಿತ್ರ ಮಾಡಿದ. ಬಣ್ಣಗಳು ಸಂಗೀತಕ್ಕೆ ಕುಣಿಯುವುದಷ್ಟೇ ಅದರ ವಸ್ತು. ಅಂಚೆ ಇಲಾಖೆ ಅದನ್ನು ಒಪ್ಪಿಕೊಂಡು ಕೊನೆಯಲ್ಲಿ ಪಾರ್ಸೆಲ್ ದರ ಇಳಿದಿರುವ ಸಂಗತಿಯನ್ನು ಅಂಟಿಸಿತು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದ ನಮ್ಮ ಭಾವನವರಿಗೆ ಇದನ್ನು ಹೇಳಿದರೆ ಇನ್ನೂ ನಂಬುತ್ತಿಲ್ಲ.

ನಮ್ಮ ಸೀಮೆಯವರಿಗೆ ಇಂಗ್ಲೆಂಡಿನವರೆಗೆ ಹೋಗುವ ಅಗತ್ಯವೂ ಇಲ್ಲ. ನನ್ನೊಡನೆ ಹಳೇಬೀಡಿನ ಪ್ರವಾಸಕ್ಕೆ ಬಂದವರಿಗೆ ಜ್ಞಾಪಕವಿರಬೇಕು: ಹೊಯ್ಸಳೇಶ್ವರ ದೇವಾಲಯದ ಕೆಳಗಿನ ಪಟ್ಟಿಕೆಯಲ್ಲಿ ಒಂದೇ ತೆರನಾದ ಎರಡು ಆನೆಗಳನ್ನು ತೋರಿಸಿದವರಿಗೆ ಮಸಾಲೆ ದೋಸೆ ಎಂದು ನಾನು ಪಂದ್ಯ ಕಟ್ಟುತ್ತಿದ್ದೆ. ಇಷ್ಟು ವರ್ಷಗಳಲ್ಲಿ ಒಂದು ದೋಸೆಯನ್ನೂ ಕೊಡಿಸುವ ಪ್ರಮೇಯ ಬರಲಿಲ್ಲ. ಆನೆಯ ಸಾಲು, ಕುದುರೆಯ ಸಾಲು ಎಂದರೆ ರಾಜ್ಯದ ಬಲವನ್ನು ಸಾರುವ ವಿಷಯ. ಅಂದಿನ ನ್ಯೂಸ್ ರೀಲು ಎಂದರೂ ತಪ್ಪಿಲ್ಲ. ಆದರೆ ಪ್ರತಿಯೊಂದು ಆನೆಯ ಸೊಂಡಿಲನ್ನೂ ಬೇರೆ ಬೇರೆಯಾಗಿ ತಿರುಗಿಸಬೇಕೆಂದು ಯಾವ ಶಾಸನವೂ ವಿಧಿಸಿರಲಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ್ದು, ಅರಸನದೇ ಕೆಲಸ. ಅಲ್ಲಿ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಹಳೇಬೀಡಿನ ದೇವಾಲಯವನ್ನು ಕಟ್ಟಿಸಲು ಮುಂದಾದವನು ಕೇತಮಲ್ಲನೆಂಬ ಅಧಿಕಾರಿ. ಇಲ್ಲಿಯೂ ನಡುವಿನ ಕುರ್ಚಿಯವನು!

ಇನ್ನು ನಮ್ಮ ಅರಸೀಕೆರೆಯ ಶಿವಾಲಯ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾನೂ ಸಂತೋಷಪಟ್ಟೆ, ಆದರೂ ನಮ್ಮೂರಿನದನ್ನು ಯಾರೂ ನೆನೆಯಲಿಲ್ಲವಲ್ಲ ಎಂದು ಸ್ವಲ್ಪ ಹೊಟ್ಟೆ ಉರಿಯಿತು. 1220ರ ಈ ಗುಡಿಯ ಗರ್ಭಗೃಹದ ತಳವಿನ್ಯಾಸ ಹದಿನಾರು ಮೂಲೆಗಳ ನಕ್ಷತ್ರ, ಎದುರಿನ ತೆರೆದ ಮಂಟಪವೂ ನಕ್ಷತ್ರಾಕಾರ, ಅದರ ಮೇಲೆ ಗುಮ್ಮಟದಂಥ ಒಳಛಾವಣಿ. ಮಾದರಿ ಎದುರಿಗೇ ಇದ್ದರೂ ಅದನ್ನು ನಕಲು ಮಾಡದೆ ಹೊಸದೊಂದನ್ನು ಕಟ್ಟಿ ನೋಡುವುದಕ್ಕೆ ಪ್ರಯೋಗ ಎನ್ನದೆ ಬೇರೇನೆನ್ನಬೇಕು? ಅದು ಬೇಲೂರಿನಷ್ಟು ಪ್ರಸಿದ್ಧವಾಗಲಿಲ್ಲ, ನಿಜ. ಪ್ರಯೋಗಗಳ ಹಣೆಬರಹವೇ ಅಷ್ಟು. ರೈಲು ಹತ್ತಲು ಅರಸೀಕೆರೆಗೆ ಬರುವವರಲ್ಲಿ ನೂರಕ್ಕೊಬ್ಬರೂ ಅತ್ತ ಹೋಗುವುದಿಲ್ಲ.

ಅರಸರ ಕಾಲವನ್ನು ಹಾಡಿ ಹೊಗಳುತ್ತಿದ್ದೇನೆಂದು ಯಾರೂ ಭಾವಿಸಬಾರದು. ಕೊಡುವ ಕೈ ಕಿತ್ತುಕೊಳ್ಳುವ ಕೈಯೂ ಆಗಬಲ್ಲದು ಎಂಬುದಕ್ಕೆ ಕನ್ನಡದಲ್ಲಿಯೇ ಘೋರವಾದ ಉದಾಹರಣೆಯಿದೆ. ಪಟ್ಟಾಭಿರಾಮ ರೆಡ್ಡಿಯವರು ಸ್ವಂತ ಸಾಹಸದಿಂದ ತೆಗೆದ ‘ಸಂಸ್ಕಾರ’ವನ್ನು ಸೆನ್ಸಾರ್ ಮಂಡಳಿ ಮೊದಲು ತಡೆಯಿತು. ಮೇಲ್ಮನವಿಯ ನಂತರ ಬಿಡುಗಡೆಯಾಗಿ 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಅದರಲ್ಲಿ ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಉಬ್ಬಸದ ರೋಗಿ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅದೇ ಕಾಲದಲ್ಲಿ ಅದೇ ಫಿಲ್ಮ್ಸ್ ಡಿವಿಷನ್ ತುರ್ತುಪರಿಸ್ಥಿತಿಯ ಗುಣಗಾನದ ಚಿತ್ರಗಳನ್ನು ತಯಾರಿಸುತ್ತಿತ್ತು. ‘ಇಂಡಿಯಾ 67’ ತೆಗೆದ ಸುಖದೇವರೂ ಅಂಥದೊಂದನ್ನು ತೆಗೆದರು. ಇದನ್ನು ಓದಿದ ದಿನ ನನಗೆ ನಿಜವಾಗಿಯೂ ಬೇಸರವಾಯಿತು. ಗಣಿತದ ಮೇಷ್ಟರ ಬಳಿ ಈ ದಾಖಲೆಯಿದ್ದಿದ್ದರೆ ಅಂದು ನಾನು ಸೋಲುತ್ತಿದ್ದೆ.

ಹಾಗಿದ್ದರೂ ಸರ್ಕಾರ ಈ ಕೆಲಸದಿಂದ ದೂರವಿರಲಿ ಎಂದು ನಾನು ಹೇಳಲಾರೆ. ಸರ್ಕಾರ ಬಿಟ್ಟರೆ ಇನ್ನು ಯಾರು? ಕೇಂದ್ರದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಸಾಲ ಕೊಡದಿದ್ದರೆ ಮೃಣಾಲ್ ಸೇನರ ‘ಭುವನ್ ಶೋಮ್’ (1969) ಆಗುತ್ತಿರಲಿಲ್ಲ, ಮಣಿ ಕೌಲರ ‘ಉಸ್ಕಿ ರೋಟಿ’ಯಂತೂ ಖಂಡಿತ ಆಗುತ್ತಿರಲಿಲ್ಲ. ಇಂಥ ಚಿತ್ರಗಳಿಗೆ ಹಣ ಹಾಕಿ ವಾಪಸು ಬರಲಿಲ್ಲವೆಂದು 1976ರಲ್ಲಿ ಸಂಸತ್ತಿನ ಸಮಿತಿಯೊಂದು ಆ ಸಂಸ್ಥೆಯನ್ನು ಟೀಕಿಸಿತು. ಹಾಗೆ ನೋಡಿದರೆ ಪ್ರೌಢಶಾಲೆಗಳಿಗೆ ಹಾಕಿದ ಹಣವೂ ಯಾವ ವರ್ಷವೂ ವಾಪಸು ಬಂದಿಲ್ಲ. ನಮ್ಮ ಗಿರೀಶ ಕಾಸರವಳ್ಳಿಯವರು ಸಿನಿಮಾ ಕಲಿತದ್ದು ಪುಣೆಯ ಸರ್ಕಾರಿ ಸಂಸ್ಥೆಯಲ್ಲಿ. ಅವರ ಮೊದಲ ಚಿತ್ರ ‘ಘಟಶ್ರಾದ್ಧ’ (1977) ಸ್ವರ್ಣಕಮಲ ಪಡೆಯಿತು. ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದರಿಂದಲೇ ಸ್ಕಾರ್ಸೆಸಿಯವರ ಪ್ರತಿಷ್ಠಾನ ಮತ್ತು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಅದನ್ನು ಪುನರುಜ್ಜೀವಿಸಿ 2024ರಲ್ಲಿ ವೆನಿಸ್‌ನಲ್ಲಿ ತೋರಿಸುವುದು ಸಾಧ್ಯವಾಯಿತು.

ನಮ್ಮ ರಾಜ್ಯ ಸರ್ಕಾರವೂ ಕನ್ನಡ ಚಿತ್ರಗಳಿಗೆ ದಶಕಗಳಿಂದ ಸಹಾಯಧನ ಕೊಡುತ್ತಿದೆ. ಸಹಾಯಧನಕ್ಕಾಗಿಯೇ ಸುತ್ತಿ ಡಬ್ಬಿಗೆ ತುಂಬಿದ ಚಿತ್ರಗಳ ಬಗ್ಗೆ ದೂರುಗಳಿವೆ, ಅವು ಸುಳ್ಳೂ ಅಲ್ಲ. ಆದರೆ ಆ ದೂರಿಗೆ ಮದ್ದು ಸಹಾಯಧನ ನಿಲ್ಲಿಸುವುದಲ್ಲ, ಆಯ್ಕೆ ಮಾಡುವ ಕುರ್ಚಿಯಲ್ಲಿ ಸಿನಿಮಾ ಬಲ್ಲವರನ್ನು, ಬೈಗುಳ ತಿನ್ನಲು ಸಿದ್ಧರಾದವರನ್ನು ಕೂರಿಸುವುದು. ಫಿಲ್ಮ್ಸ್ ಡಿವಿಷನ್ನನ್ನು, ಆ ಸಂಗ್ರಹಾಲಯವನ್ನು, ಮಕ್ಕಳ ಚಲನಚಿತ್ರ ಸಂಸ್ಥೆಯನ್ನು 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಳಿಸಿದರು. ಬೋರ್ಡು ಬದಲಾದದ್ದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಆ ಕಟ್ಟಡದಲ್ಲಿ ಇಂದು ಒಬ್ಬ ಇಪ್ಪತ್ತೈದರ ಹುಡುಗಿ, ವಿವರಣೆಯಿಲ್ಲದ, ಕಥೆಯಿಲ್ಲದ ಏಳು ನಿಮಿಷದ ಚಿತ್ರ ತೆಗೆಯುತ್ತೇನೆಂದು ಅರ್ಜಿ ಹಿಡಿದು ಬಂದರೆ ಅವಳ ಮಾತನ್ನು ಪೂರ್ತಿ ಕೇಳುವವರು ಯಾರಾದರೂ ಇರಬೇಕು, ಅಷ್ಟೇ ನನ್ನ ಬೇಡಿಕೆ.

ಈ ಬೇಡಿಕೆ ಇಡಲು ನನಗೆ ಹಕ್ಕಿದೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಪ್ರಮೋದ್ ಪತಿ ಚಿತ್ರ ತೆಗೆದರು, ಮೇಲಿನವರು ಸಹಿಸಿಕೊಂಡರು, ಇಲಾಖೆ ಮುದ್ರಿಸಿತು, ವ್ಯಾನು ಹೊತ್ತು ತಂದಿತು, ಆಪರೇಟರು ತೋರಿಸಿದರು. ಮುಂಬಯಿಯಿಂದ ಜಾವಗಲ್ಲಿನ ಈಚೆಯವರೆಗೆ ಯಾರೂ ತಡೆಯದಿದ್ದುದನ್ನು ತಡೆದ ಸರ್ಕಾರಿ ನೌಕರ ನಾನು. ಅಂದು ನಡುವಿನ ಕುರ್ಚಿ ನನ್ನದಾಗಿತ್ತು. ಊರಿನ ಹಿರಿಯರಿಗೆ ‘ಇನ್ನು ಮೂರು ನಿಮಿಷ ನೋಡೋಣ ಗೌಡರೇ, ಆಮೇಲೆ ಬೈಯುವಿರಂತೆ’ ಎಂದಿದ್ದರೆ ಸಾಕಾಗಿತ್ತು.

ಹೋದ ಶ್ರಾವಣದಲ್ಲಿ ಅರಸೀಕೆರೆಯ ಕೊಬ್ಬರಿ ಮಂಡಿಯ ಬಳಿ ಆ ಹಿಂದಿನ ಬೆಂಚಿನ ಹುಡುಗ ಸಿಕ್ಕಿದ. ಹುಡುಗನೆಂದೆ, ಐವತ್ತು ದಾಟಿದೆ, ತಲೆ ನರೆತಿದೆ, ಮಂಡಿಯಲ್ಲಿ ತೂಕದ ಕೆಲಸ. ಕಾಲಿಗೆ ನಮಸ್ಕಾರ ಮಾಡಿ ಚಹಾ ತರಿಸಿದ. ನಾನು ಹಿಂಜರಿಯುತ್ತಲೇ ಆ ರಾತ್ರಿಯ ಮಾತು ತೆಗೆದೆ. ಅವನಿಗೆ ಚೆನ್ನಾಗಿ ನೆನಪಿತ್ತು. ಜೇಬಿನಿಂದ ಫೋನು ತೆಗೆದು ಚಿತ್ರವನ್ನು ಹಚ್ಚಿ ಕೊಟ್ಟೆ. ಕೊಬ್ಬರಿ ಚೀಲಗಳಿಗೆ ಒರಗಿ ನಿಂತು, ಬಿಸಿಲಿಗೆ ಪರದೆ ಕಾಣದೆಂದು ಟವೆಲನ್ನು ತಲೆಯ ಮೇಲೆ ಹೊದ್ದು, ಏಳು ನಿಮಿಷವೂ ಕಣ್ಣು ತೆಗೆಯದೆ ನೋಡಿದ. ಮುಗಿದ ಮೇಲೆ ಫೋನು ವಾಪಸು ಕೊಡುತ್ತ, ‘ಇಷ್ಟೇನಾ ಸಾ? ಉಳ್ದಿದ್ದುನ್ನ ನಾನು ಬ್ಯಾರೆ ಏನೇನೋ ಅಂದ್ಕೊಂಡಿದ್ದೆ’ ಎಂದ.

ಏನೆಂದುಕೊಂಡಿದ್ದೆ ಎಂದು ಕೇಳಿದೆ. ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಯಾರೋ ಲಾರಿ ಬಂತೆಂದು ಕೂಗಿದರು. ‘ಇನ್ನೊಂದಿನ ಬನ್ನಿ ಸಾ, ಹೇಳ್ತೀನಿ’ ಎಂದು ಹೋದ. ಮುಂದಿನ ಮಂಗಳವಾರ ಹೋಗಬೇಕೆಂದಿದ್ದೇನೆ.